ಕೊಯ್ದು ತೆಗೆದ ಗಡ್ಡೆ ಎಲ್ಲಿಗೆ ಹೋಗುತ್ತದೆ?

ಹೋದ ವರ್ಷ ನನ್ನಿಂದಾದ ಒಂದು ತಪ್ಪೇ ಈ ಲೇಖನಕ್ಕೆ ಕಾರಣ. ನಮ್ಮ ಚಾಳಿನಲ್ಲಿ ಬಿಜಾಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ನಾವೆಲ್ಲರೂ ಅವರನ್ನು ಕಾಕಾ ಎಂದೇ ಕರೆಯುವುದು. ಬಹಳ ವರ್ಷ ತಂಬಾಕು ಸುಣ್ಣ ತಿಕ್ಕಿ ದವಡೆಗೆ ಇಟ್ಟುಕೊಂಡ ಫಲವಾಗಿ ಅವರ ಗಲ್ಲದ ಒಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ತಿಳಿದು, ಈ ನಗರದ ಒಂದು ದವಾಖಾನೆಯಲ್ಲಿ ಶಸ್ತ್ರಕ್ರಿಯೆಗೆ ದಿನ ಗೊತ್ತಾಯಿತು. ಕಾಕಾ ಅಕ್ಷರ ಬಲ್ಲವರಲ್ಲ. ಹಿಂದಿನ ದಿನ ಸಂಜೆ ಗಿರಣಿಯ ಕೆಲಸ ಮುಗಿಸಿ ನಾನೂ ಜೊತೆಗೆ ಹೋಗಿದ್ದೆ. ನಾಲ್ಕಾರು ಕಾಗದಗಳು ಸಹಿಗೆ ಬಂದವು. ಎಲ್ಲವೂ ಮರಾಠಿ ಇಲ್ಲವೆ ಇಂಗ್ಲಿಷಿನಲ್ಲಿ. ಕೊನೆಯದನ್ನು ಹಿಡಿದು ಕಾಕಾ, “ತಮ್ಮಾ, ಇದರಾಗ ಏನ್ ಬರದಾರ?” ಎಂದು ಕೇಳಿದರು. ನನಗೆ ಲೋಕಲ್ ಹಿಡಿಯುವ ಅವಸರ. “ಏನಿಲ್ಲ ಕಾಕಾ, ದವಾಖಾನಿ ಕಾಗದ. ಇಲ್ಲೆ ಹೆಬ್ಬೆಟ್ಟು ಒತ್ರಿ” ಎಂದುಬಿಟ್ಟೆ. ಕೆಳಗೆ ಸಾಕ್ಷಿಯೆಂದು ನನ್ನ ಸಹಿಯನ್ನೂ ಹಾಕಿದೆ.

ಎಂಟು ದಿನದ ಮೇಲೆ ಅದರ ಪ್ರತಿಯನ್ನು ಬಿಚ್ಚಿ ಓದಿದಾಗ ನನ್ನ ಮೋರೆ ಸಣ್ಣದಾಯಿತು. ಗಡ್ಡೆಯಲ್ಲಿ ರೋಗಪರೀಕ್ಷೆಗೆ ಬೇಕಾದದ್ದು ಹೋಗಿ ಉಳಿದ ಭಾಗವನ್ನು ಸಂಶೋಧನೆಗಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳುವ ಒಪ್ಪಿಗೆ ಪತ್ರ ಅದು. ಕಾಕಾ ಗುಣವಾಗಿ ಮನೆಗೆ ಬಂದ ಮೇಲೆ ಇದ್ದದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಕೇಳಿದ್ರ ನಾ ಒಲ್ಲೆ ಅಂತಿದ್ದಿಲ್ಲ. ಖರೆ, ಕೇಳಬೇಕಿತ್ತಲ್ಲ” ಎಂದರು. ಕಾಕು ಮಾತ್ರ, ಅದನ್ನು ಎಲ್ಲಿಯಾದರೂ ಮಾರುತ್ತಾರೋ ಏನೋ ಎಂದು ಹೆದರಿದರು. ಅವರಿಗೆ ಉತ್ತರ ಹೇಳುವುದಕ್ಕಾಗಿ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕೊಯ್ದು ತೆಗೆದ ಗಡ್ಡೆಯು ಮೊದಲು ಹೋಗುವುದು ಪೆಥಾಲಜಿಸ್ಟ್ ಎಂಬ ರೋಗಪರೀಕ್ಷಕ ವೈದ್ಯರ ಮೇಜಿಗೆ. ರೋಗ ಯಾವ ಬಗೆಯದು, ಎಷ್ಟು ಆಳಕ್ಕೆ ಇಳಿದಿದೆ, ಕೊಯ್ದ ಅಂಚಿನಲ್ಲಿ ಇನ್ನೂ ಉಳಿದಿದೆಯೇ ಎಂಬುದನ್ನು ಅವರು ನೋಡಬೇಕು. ರೋಗಿಯ ಮುಂದಿನ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಇದಕ್ಕೆ ಬೇಕಾದಷ್ಟನ್ನು ತೆಗೆದಿಟ್ಟ ಮೇಲೆ ಮಿಕ್ಕರೆ ಮಾತ್ರ ಸಂಶೋಧನೆಯ ಪಾಲು, ಮಿಗದಿದ್ದರೆ ಇಲ್ಲ.

ಮಿಕ್ಕದ್ದನ್ನು ಕಾಪಾಡುವುದು ಸುಲಭವಲ್ಲ. ರಕ್ತಸಂಚಾರ ನಿಂತ ಕ್ಷಣದಿಂದಲೇ ಜೀವಕೋಶಗಳ ಒಳಗೆ ಬದಲಾವಣೆ ಮೊದಲಾಗುತ್ತದೆ. ಆದ್ದರಿಂದ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಿಸಬೇಕೆಂಬುದು ಸಾಮಾನ್ಯವಾದ ಗುರಿ. ಅವರೆಕಾಳಿನಷ್ಟು ತುಣುಕುಗಳನ್ನು ಸಣ್ಣ ಕೊಳವೆಗಳಲ್ಲಿ ಹಾಕಿ ದ್ರವರೂಪದ ಸಾರಜನಕದಲ್ಲಿ ಇಳಿಸುತ್ತಾರೆ. ಅದರ ಶೈತ್ಯವು ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಮುಂದೆ ಅದೇ ಶೈತ್ಯದಲ್ಲಿ ಅಥವಾ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಇನ್ನೊಂದು ಹಳೆಯ ಕ್ರಮವೂ ಉಂಟು: ತುಣುಕನ್ನು ಫಾರ್ಮಲಿನ್ ದ್ರಾವಣದಲ್ಲಿ ನೆನೆಯಿಸಿ ಮೇಣದ ಅಚ್ಚಿನಲ್ಲಿ ಕೂರಿಸುವುದು. ಈ ಅಚ್ಚುಗಳು ಸಾಧಾರಣ ಕಪಾಟಿನಲ್ಲಿಯೇ ಹತ್ತಾರು ವರ್ಷ ಬಾಳುತ್ತವೆ. ಬೇಕಾದಾಗ ಅದರಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಹೆರೆದು ಗಾಜಿನ ಮೇಲಿಟ್ಟು ನೋಡುತ್ತಾರೆ.

ಸ್ಟೋರಿನ ಲೆಕ್ಕ ಬರೆದವರಿಗೆ ಉಳಿದದ್ದು ಬೇಗ ತಿಳಿದೀತು. ಪ್ರತಿ ಕೊಳವೆಗೂ ನಂಬರು ಉಂಟು. ಎಷ್ಟು ಹೊತ್ತಿಗೆ ಕೊಯ್ದದ್ದು, ಎಷ್ಟು ಹೊತ್ತಿಗೆ ತಣಿಸಿದ್ದು, ಯಾವ ಪೆಟ್ಟಿಗೆ, ಯಾವ ಸಾಲು ಎಂಬುದೆಲ್ಲ ದಾಖಲೆ. ಅದೇ ರೋಗಿಯ ಸ್ವಲ್ಪ ರಕ್ತವನ್ನೋ ಗಡ್ಡೆಯಿಂದ ದೂರದ ಒಳ್ಳೆಯ ಭಾಗವನ್ನೋ ಹೋಲಿಕೆಗಾಗಿ ಇಡುವುದುಂಟು. ರೋಗಿಯ ಹೆಸರು ಬೇರೆ ಕಡೆ ಬೀಗದೊಳಗಿರುತ್ತದೆ. ಸಂಶೋಧಕನ ಕೈಗೆ ಹೋಗುವುದು ನಂಬರು, ವಯಸ್ಸು, ರೋಗದ ವಿವರ ಇಷ್ಟೇ. ಅವನಾದರೂ ಕೇಳಿದ ಕೂಡಲೇ ಪಡೆಯಲಾರ. ಏನು ನೋಡಬೇಕೆಂದಿದ್ದೇನೆ, ಎಷ್ಟು ಬೇಕು ಎಂದು ಅರ್ಜಿ ಕೊಟ್ಟು ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು. ಪರದೇಶಕ್ಕೆ ಕಳಿಸುವುದಾದರೆ ಬೇರೆ ಅನುಮತಿ ಬೇಕು. ಕಾಪಾಡಿದ, ಕಳಿಸಿದ ಖರ್ಚನ್ನು ಅವನಿಂದ ಪಡೆಯಬಹುದು. ಮಾಂಸಕ್ಕೆ ಬೆಲೆ ಕಟ್ಟುವಂತಿಲ್ಲ. ಆದರೆ ಅದರಿಂದ ಮುಂದೆ ಒಂದು ಔಷಧ ಹುಟ್ಟಿ ಯಾವುದೋ ಕಂಪನಿ ಲಾಭ ಮಾಡಿದರೆ, ಕೊಟ್ಟ ರೋಗಿಗೆ ಪಾಲು ಬರುವುದು ಅಪರೂಪ. ಕಾಕುವಿನ ಹೆದರಿಕೆಯಲ್ಲಿ ಸುಳ್ಳಲ್ಲದ ಭಾಗ ಇದೊಂದೇ. ಅದನ್ನು ಅವರಿಗೆ ಮುಚ್ಚಿಡಲಿಲ್ಲ.

ಇಷ್ಟೆಲ್ಲ ಏಕೆ ಬೇಕು? ಅಮೆರಿಕದ ಲಾಸ್ ಏಂಜಲೀಸಿನ ಡೆನ್ನಿಸ್ ಸ್ಲಾಮನ್ ಎಂಬ ವೈದ್ಯರೂ ಅವರ ಸಂಗಡಿಗರೂ ಹೀಗೆ ಕಾಪಾಡಿಟ್ಟಿದ್ದ 189 ಸ್ತನದ ಗಡ್ಡೆಗಳನ್ನು ಪರೀಕ್ಷಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ ಸುಮಾರು 30ರಲ್ಲಿ ಹರ್-2 ಎಂಬ ಒಂದು ಜೀನಿನ ಪ್ರತಿಗಳು ಮಿತಿಮೀರಿದ್ದವು. ಗಡ್ಡೆ ಯಾವ ಹೆಂಗಸಿನದು, ಆಕೆ ಮುಂದೆ ಹೇಗಿದ್ದಳು ಎಂಬ ದಾಖಲೆಯೂ ಜೊತೆಗಿದ್ದುದರಿಂದ, ಹೀಗೆ ಮಿತಿಮೀರಿದವರಲ್ಲಿಯೇ ರೋಗ ಬೇಗ ಮರುಕಳಿಸಿ ಸಾವು ಬಂದಿತ್ತೆಂಬುದು ತಿಳಿಯಿತು. ಆ ಒಂದು ಗುರಿಗೇ ಹೊಡೆಯುವ ಟ್ರಾಸ್ಟುಜುಮಾಬ್ ಎಂಬ ಔಷಧಕ್ಕೆ 1998ರಲ್ಲಿ ಅಲ್ಲಿಯ ಸರಕಾರದ ಅನುಮತಿ ದೊರೆಯಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯು ಅದೇ ಬಗೆಯ ಔಷಧವನ್ನು ಮೂಲದ್ದಕ್ಕಿಂತ ಕಡಿಮೆ ಬೆಲೆಗೆ ಈ ದೇಶದಲ್ಲಿ ಹೊರತಂದಿತು. ತುಣುಕು ಕೊಟ್ಟವರಲ್ಲಿ ಎಷ್ಟೋ ಮಂದಿಗೆ ಅದರ ಉಪಯೋಗವಾಗಲಿಲ್ಲವೆಂಬುದನ್ನೂ ಹೇಳಬೇಕು. ಅವರ ನಂತರದವರಿಗೆ ಆಯಿತು.

ನಮ್ಮವರ ತುಣುಕುಗಳೂ ಬೇಕಾಗುತ್ತವೆ. ತಂಬಾಕು, ಅಡಿಕೆಗಳಿಂದ ಬರುವ ಬಾಯಿಯ ಕ್ಯಾನ್ಸರ್ ನಮ್ಮ ಗಂಡಸರಲ್ಲಿ ಬಹಳ. ಅದರ ಗುಟ್ಟು ಪರದೇಶದವರ ಗಡ್ಡೆಗಳಲ್ಲಿ ಪೂರ್ತಿಯಾಗಿ ಸಿಗಲಾರದು. ಪರೇಲದಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಇಂಥ ಭಂಡಾರ ಉಂಟು. ಮದ್ರಾಸಿನ ಐ.ಐ.ಟಿ.ಯಲ್ಲಿಯೂ ಉಂಟು, ಅಲ್ಲಿಯವರು 480 ಮಂದಿ ಸ್ತನ ಕ್ಯಾನ್ಸರ್ ರೋಗಿಗಳ ಜೀನುಗಳ ವಿವರವನ್ನು 2025ರ ಫೆಬ್ರವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು.

ಕೇಳದೆ ತೆಗೆದುಕೊಂಡ ಕಥೆಯೂ ಒಂದಿದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ನೀಗ್ರೋ ಕುಲದ, ಅಂದರೆ ಇಂದು ಕರಿಯ ಅಮೆರಿಕನ್ನರೆನ್ನುವ ಜನರ, ಹೆಣ್ಣುಮಗಳು ಗರ್ಭಕೊರಳಿನ ಕ್ಯಾನ್ಸರಿನಿಂದ ಬಂದಳು. ಆಕೆಗೆ ಹೇಳದೆ ತೆಗೆದ ತುಣುಕಿನ ಜೀವಕೋಶಗಳು ಗಾಜಿನ ಪಾತ್ರೆಯಲ್ಲಿ ಸಾಯದೆ ಬೆಳೆಯುತ್ತಲೇ ಹೋದವು. ಅಕ್ಟೋಬರಿನಲ್ಲಿ, 31ನೆಯ ವಯಸ್ಸಿಗೆ, ಆಕೆ ತೀರಿಕೊಂಡಳು. ಜೀವಕೋಶಗಳು ಲೋಕದ ಪ್ರಯೋಗಶಾಲೆಗಳಿಗೆಲ್ಲ ಹಂಚಿಹೋಗಿ ಪೋಲಿಯೋ ಲಸಿಕೆಯ ಪರೀಕ್ಷೆಗೂ ಒದಗಿದವು. ಮನೆಯವರಿಗೆ ಸುದ್ದಿ ಮುಟ್ಟಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಲಾಭ ಮಾಡಿಕೊಂಡಿತೆಂದು ಅವರು ದಾವೆ ಹೂಡಿದ್ದ ಕಂಪನಿಯೊಂದು ರಾಜಿಗೆ ಬಂದದ್ದು 2023ರಲ್ಲಿ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಗಳಿವೆ. ಅವುಗಳಂತೆ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿಷಯವನ್ನು ಹೇಳಬೇಕು. ಓದುಬಾರದವರಿದ್ದರೆ ಓದುಬಲ್ಲ, ಯಾರ ಪಕ್ಷಕ್ಕೂ ಸೇರದ ಸಾಕ್ಷಿಯೊಬ್ಬರು ವಿವರಣೆ ಮುಗಿಯುವವರೆಗೆ ಹಾಜರಿರಬೇಕು. ಒಲ್ಲೆನೆಂದರೆ ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡುವಂತಿಲ್ಲ. ಕೊಟ್ಟ ಮೇಲೂ ಒಪ್ಪಿಗೆಯನ್ನು ಹಿಂದೆ ಪಡೆಯಬಹುದು. ಅಷ್ಟರಲ್ಲಿ ಬಳಸಿಯಾದದ್ದು ಮಾತ್ರ ಹಿಂದಿರುಗುವುದಿಲ್ಲ. ವಿವರಿಸಿದ್ದನ್ನು ಕಂಡಿದ್ದೇನೆ ಎಂಬುದೇ ಅಂದು ನಾನು ಹಾಕಿದ ಸಹಿಯ ಅರ್ಥ. ಯಾರೂ ವಿವರಿಸಿರಲಿಲ್ಲ, ಕನ್ನಡ ಬಲ್ಲ ನಾನೂ ವಿವರಿಸಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಕಾಕಾ, “ಇರಲಿ ಬಿಡು, ಅಲ್ಲೇ ಇರಲಿ” ಎಂದರು. ಹಿಂದೆ ಪಡೆಯುವ ಅರ್ಜಿಯನ್ನು ಬರೆಸಲಿಲ್ಲ.

ಇಂಥ ಕಾಗದ ಕೈಗೆ ಬಂದವರು ಅದನ್ನು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ತರಬಹುದು. ಕೂತು ಕನ್ನಡದಲ್ಲಿ ಓದಿ ಹೇಳುತ್ತೇವೆ. ಶಸ್ತ್ರಕ್ರಿಯೆಯ ಹಿಂದಿನ ಸಂಜೆಯವರೆಗೆ ಕಾಯಬೇಡಿರಿ. ಎರಡು ಮೂರು ದಿನ ಮೊದಲೇ ದವಾಖಾನೆಯಲ್ಲಿ ಕೇಳಿ ಪ್ರತಿಯನ್ನು ತನ್ನಿರಿ.