ಅಂಗೈಯ ಲಿಂಗವೇ ಅಂತರಂಗದ ಕನ್ನಡಿ



ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಎಂಬುದು ಹಿರಿಯರ ಗಾದೆ. ಆದರೆ ಮನಸ್ಸಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ನೆರೆಯವನು ಬದುವನ್ನು ಒಂದು ಗೇಣು ಒತ್ತಿದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ನಮ್ಮ ನೇಗಿಲು ಒತ್ತಿದ ಗೇಣು ಕಾಣುವುದಿಲ್ಲ. ಕಣ್ಣು ಹೊರಗನ್ನು ನೋಡಲು ಕಲಿತಿದೆ, ಒಳಗನ್ನು ನೋಡಲು ಅದಕ್ಕೆ ಕಲಿಸಬೇಕು.

ಇಷ್ಟಲಿಂಗ ಪೂಜೆ ಮಾಡುವುದು ಈ ಕೆಲಸವನ್ನೇ. ವಿಭೂತಿ ಧರಿಸಿ, ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನೆಟ್ಟಾಗ ಅಲ್ಲಿ ಮೆಚ್ಚಿಸಬೇಕಾದ ಜನರಿಲ್ಲ, ಮುಚ್ಚಿಡಬೇಕಾದ ಮಾತಿಲ್ಲ. ಅಲ್ಲಿರುವವರು ಇಬ್ಬರೇ: ಲಿಂಗ ಮತ್ತು ನಾವು.

ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ಬಯಸಿದ್ದರೆ ತಮ್ಮ ಹಿರಿಮೆಯನ್ನೇ ಹಾಡಿಕೊಳ್ಳಬಹುದಿತ್ತು. ಅವರು ತಮ್ಮ ಮನಸ್ಸಿನ ಚಂಚಲತೆಯನ್ನೇ ಕೂಡಲಸಂಗಮದೇವನ ಮುಂದೆ ಬಿಚ್ಚಿಟ್ಟರು. ಆದರೂ ಹತಾಶರಾಗಲಿಲ್ಲ, ಕಾಯುವವನೊಬ್ಬನಿದ್ದಾನೆಂಬ ಭರವಸೆ ಅವರಿಗಿತ್ತು. ಭರವಸೆ ಇದ್ದವನಿಗಷ್ಟೇ ನಿಜ ನುಡಿಯುವ ಧೈರ್ಯ.

ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಈ ಹೆಸರುಗಳ ಮುಂದೆ ಅವರ ಕಾಯಕವೇ ನಿಂತಿದೆ. ತಾವು ಯಾರೆಂಬುದನ್ನು ಅವರು ಬಚ್ಚಿಡಲಿಲ್ಲ, ಅದಕ್ಕಾಗಿ ನಾಚಲೂ ಇಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದರು. ಬಡತನ ಆ ತಾಯಿಗೆ ಕೊರತೆಯಾಗಿ ಕಾಣಲಿಲ್ಲ. ಆಸೆಯೇ ಕೊರತೆಯಾಗಿ ಕಂಡಿತು.

ತನ್ನನ್ನು ಒಪ್ಪಿಕೊಳ್ಳುವುದೆಂದರೆ ತಪ್ಪನ್ನು ಸಮರ್ಥಿಸಿಕೊಳ್ಳುವುದಲ್ಲ. ನಾನಿರುವುದೇ ಹೀಗೆ ಎಂದು ಮೀಸೆ ತಿರುವುವುದು ಅಹಂಕಾರ. ನಾನು ಯಾತಕ್ಕೂ ಬಾರದವನು ಎಂದು ತಲೆಗೆ ಕೈಹೊತ್ತು ಕೂರುವುದು ಅಹಂಕಾರದ ಇನ್ನೊಂದು ಮುಖ. ಎರಡರಲ್ಲೂ ನಾನು ಎಂಬುದೇ ದೊಡ್ಡದು. ತಪ್ಪು ನನ್ನದು, ತಿದ್ದಿಕೊಳ್ಳುತ್ತೇನೆ, ಆದರೂ ಶಿವನಿಗೆ ನಾನು ಬೇಡವಾದವನಲ್ಲ ಎಂದು ನಂಬುವುದೇ ಭಕ್ತಿ. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರ ವಿನಯವನ್ನು ಕಲಿಸುತ್ತದೆ. ತನ್ನನ್ನು ತಾನೇ ಹಳಿದುಕೊಳ್ಳಲು ಹೇಳುವುದಿಲ್ಲ.

ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಬಾಯಲ್ಲಿ ನಾವು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: ಮಕ್ಕಳು ಪಟ್ಟಣ ಸೇರಿದರು, ಕೈಕಾಲಲ್ಲಿ ಕಸುವಿಲ್ಲ, ಇನ್ನು ಇದ್ದೇನು ಪ್ರಯೋಜನ? ಹಾಗೆನ್ನಬೇಡಿ. ಎತ್ತಿದ ಮೂಟೆಯ ತೂಕದಿಂದ ಕಾಯಕವನ್ನು ಅಳೆಯಲಾಗದು. ಮೊಮ್ಮಗನ ಹಣೆಗೆ ವಿಭೂತಿ ಹಚ್ಚುವುದೂ ಕಾಯಕ, ಎರಡು ಮನೆಗಳ ಜಗಳ ಬಿಡಿಸುವುದೂ ಕಾಯಕ. ಉತ್ತ ಕೈ ಇಂದು ನಡುಗುತ್ತಿರಬಹುದು. ಲಿಂಗಕ್ಕೆ ಈಗಲೂ ಅದೇ ಪೀಠ.

ಇಂದು ರಾತ್ರಿ ಮಲಗುವ ಮುನ್ನ ಲಿಂಗದ ಮುಂದೆ ಎರಡೇ ಪ್ರಶ್ನೆ ಕೇಳಿಕೊಳ್ಳೋಣ. ಯಾರ ಮನ ನೋಯಿಸಿದೆವು? ನಮ್ಮದಲ್ಲದ್ದು ಏನಾದರೂ ಮನೆ ಸೇರಿದೆಯೇ? ಉತ್ತರ ಕಹಿಯಾಗಿದ್ದರೆ ಬೆಳಗಾಗುತ್ತಲೇ ಆ ಮನೆಯ ಬಾಗಿಲಿಗೆ ಹೋಗೋಣ. ಹೋದವನು ಸಣ್ಣವನಾಗುವುದಿಲ್ಲ, ಮನಸ್ಸು ಹಗುರಾಗಿ ಮರಳುತ್ತಾನೆ.

ಎಲ್ಲರಿಗೂ ಲೇಸಾಗಲಿ.