ಕಲಾಸಂಗ್ರಹಾಲಯದ ಸಹಾಯಕನೂ ವಿಗ್ರಹದ ಪೂರ್ವವೃತ್ತವೂ

ಕಲಾಸಂಗ್ರಹಾಲಯಕ್ಕೆ ಹೋದವರು ಅಲ್ಲಿರುವ ವಿಗ್ರಹವನ್ನು ನೋಡಿ, ಅದರ ಬುಡದ ಫಲಕದಲ್ಲಿರುವ ನಾಲ್ಕು ಪಂಕ್ತಿಗಳನ್ನು ಓದಿ ಮುಂದಕ್ಕೆ ನಡೆಯುತ್ತಾರೆ. ದೇವತೆಯ ಹೆಸರು, ದೇಶ, ಕಾಲ, ದ್ರವ್ಯ, ಕೊನೆಯಲ್ಲಿ ಒಂದು ಅಂಕ. ಇಷ್ಟೇ ಆ ಫಲಕದ ಒಕ್ಕಣೆ. ಇಷ್ಟನ್ನು ಪ್ರಮಾಣಪೂರ್ವಕವಾಗಿ ಬರೆಯುವುದರ ಹಿಂದೆ ಎಷ್ಟು ಪರಿಶ್ರಮವುಂಟೆಂಬುದು ಬಹುಮಂದಿಗೆ ತಿಳಿಯದು. ಸಂಗ್ರಹದ ಪಾಲನೆಗೆ ಅಧಿಕಾರಿಯಾದ ವಿದ್ವಾಂಸನಿಗೆ ಕ್ಯುರೇಟರೆಂದು ಹೆಸರು. ಆತನ ಕೈಕೆಳಗಿದ್ದು ಈ ಪರಿಶ್ರಮದ ಬಹುಭಾಗವನ್ನು ವಹಿಸತಕ್ಕವನು ಸಹಾಯಕ. ಇವನ ಕೆಲಸವು ಮೇಲ್ನೋಟಕ್ಕೆ ಗುಮಾಸ್ತೆಯ ಕೆಲಸದಂತೆ ಕಂಡರೂ ವಸ್ತುತಃ ಅದು ಗ್ರಂಥಸಂಪಾದನೆಗೆ ಸಮಾನವಾದ ಶಾಸ್ತ್ರಕಾರ್ಯವೇ ಸರಿ.

ವಸ್ತುವು ಸಂಗ್ರಹಾಲಯದೊಳಕ್ಕೆ ಬಂದೊಡನೆ ಪ್ರವೇಶಪುಸ್ತಕದಲ್ಲಿ ಅದಕ್ಕೆ ಒಂದು ಅಂಕವು ಸಲ್ಲುತ್ತದೆ. ಅನೇಕ ಕಡೆಗಳಲ್ಲಿ ಈ ಅಂಕದ ಒಂದು ಭಾಗವು ವಸ್ತು ಬಂದ ವರ್ಷವನ್ನೂ ಇನ್ನೊಂದು ಭಾಗವು ಆ ವರ್ಷದ ಅನುಕ್ರಮವನ್ನೂ ಸೂಚಿಸುತ್ತದೆ. ಒಮ್ಮೆ ಕೊಟ್ಟ ಅಂಕವನ್ನು ಮತ್ತೊಂದು ವಸ್ತುವಿಗೆ ಕೊಡಕೂಡದು. ಕಂಚು ಕಲ್ಲುಗಳ ಮೇಲೆ ಅದನ್ನು ನೇರವಾಗಿ ಬರೆಯದೆ, ಮರೆಯಾದ ಎಡೆಯಲ್ಲಿ ತಿಳಿಯಾದ ಮೆರುಗೆಣ್ಣೆಯನ್ನು ಲೇಪಿಸಿ, ಆರಿದ ಮೇಲೆ ಅದರ ಮೇಲೆ ಬರೆಯುವುದು ಪದ್ಧತಿ. ಬೇಕೆಂದಾಗ ವಸ್ತುವಿಗೆ ಹಾನಿಯಿಲ್ಲದೆ ಅಳಿಸಬಹುದು. ಅನಂತರ ಅಳತೆ, ತೂಕ, ಭಿನ್ನವಾದ ಅಂಗಗಳು, ಬಿರುಕು, ಕಿಲುಬು ಮೊದಲಾದುವನ್ನು ದಾಖಲೆ ಮಾಡಿ, ಹಲವು ದಿಕ್ಕುಗಳಿಂದ ಛಾಯಾಚಿತ್ರಗಳನ್ನು ತೆಗೆಯಿಸಬೇಕು. ಕಂಚಿನ ವಿಗ್ರಹವನ್ನು ತೋಳು ಹಿಡಿದು ಎತ್ತಬಾರದು, ಪೀಠಕ್ಕೆ ಕೈಕೊಟ್ಟು ಎತ್ತಬೇಕು ಎಂಬಂಥ ನಿಯಮಗಳೂ ಇವನ ವಿದ್ಯೆಗೆ ಸೇರಿದುವು.

ವರ್ಣನೆಯಲ್ಲಿ ಎಡಬಲಗಳೆಂದರೆ ವಿಗ್ರಹದ ಎಡಬಲಗಳೇ ಹೊರತು ನೋಡುವವನವಲ್ಲ. ನಟರಾಜನ ವಿಗ್ರಹವನ್ನು ವರ್ಣಿಸುವಾಗ ಮೇಲಣ ಬಲಗೈಯಲ್ಲಿ ಡಮರು, ಮೇಲಣ ಎಡಗೈಯಲ್ಲಿ ಅಗ್ನಿ, ಕೆಳಗಣ ಬಲಗೈ ಅಭಯಮುದ್ರೆ, ಕೆಳಗಣ ಎಡಗೈ ಗಜಹಸ್ತ, ಬಲಪಾದದ ಕೆಳಗೆ ಅಪಸ್ಮಾರ ಎಂದು ಕ್ರಮವಾಗಿ ಬರೆಯಬೇಕು. ಡಮರುವೇ ಮುರಿದುಹೋಗಿದ್ದರೆ ಅದು ಇದೆಯೆಂದು ಬರೆಯಲಾಗದು. ಬೆರಳುಗಳ ವಿನ್ಯಾಸದಿಂದ ಡಮರುವಿದ್ದಿರಬೇಕೆಂದು ತೋರುತ್ತದೆ ಎಂದಷ್ಟೇ ಬರೆಯಬೇಕು. ಓಲೆಯಲ್ಲಿ ಲುಪ್ತವಾದ ಅಕ್ಷರವನ್ನು ತುಂಬುವ ಸಂಪಾದಕನು ಅದನ್ನು ಕಂಸದೊಳಗಿಟ್ಟು ತೋರಿಸುವುದಿಲ್ಲವೆ? ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿಡುವುದೇ ಎರಡು ಶಾಸ್ತ್ರಗಳಿಗೂ ಪ್ರಥಮ ಸೂತ್ರ.

ಇಂಥ ಸೂಕ್ಷ್ಮತೆಗೆ ಬೇರೊಂದು ಕಾರಣವೂ ಉಂಟು. ದಕ್ಷಿಣದೇಶದ ಕಂಚಿನ ವಿಗ್ರಹಗಳು ಮಧೂಚ್ಛಿಷ್ಟವಿಧಾನದಿಂದ ಆದುವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಈ ವಿಧಾನವು ನಿರೂಪಿತವಾಗಿದೆ. ಮೇಣದ ಪ್ರತಿಮೆಗೆ ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಿಸಿ, ಆ ತೆರಪಿನಲ್ಲಿ ಲೋಹವನ್ನು ಹೊಯ್ದು, ಕಡೆಗೆ ಮಣ್ಣಿನ ಅಚ್ಚನ್ನು ಒಡೆಯುತ್ತಾರೆ. ಅಚ್ಚು ಉಳಿಯದ ಕಾರಣ ಒಂದರಂತೆ ಮತ್ತೊಂದು ಹುಟ್ಟದು. ಎರಕದ ದೋಷ, ಸವೆದ ಮುಖ, ಮುರಿದ ಜ್ವಾಲೆ, ಇವೇ ವಿಗ್ರಹದ ಗುರುತುಗಳು. ಇವುಗಳನ್ನು ಬರೆದಿಟ್ಟಿದ್ದರೆ ಆ ವಿಗ್ರಹವನ್ನು ಲೋಕದ ಯಾವ ಮೂಲೆಯಲ್ಲಿಯಾದರೂ ಗುರುತಿಸಬಹುದು.

ಆದರೆ ಎಲ್ಲಕ್ಕಿಂತಲೂ ಗುರುತರವಾದುದು ಪೂರ್ವವೃತ್ತದ ಶೋಧನೆ: ವಸ್ತುವು ಎಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದರ ಪರೀಕ್ಷೆ. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯನ್ನು ತಡೆಯಲು ಯುನೆಸ್ಕೋ ಸಂಸ್ಥೆಯು ೧೯೭೦ರಲ್ಲಿ ಒಂದು ಒಪ್ಪಂದವನ್ನು ಅಂಗೀಕರಿಸಿತು. ಭಾರತದ ೧೯೭೨ರ ಪುರಾವಸ್ತು ಮತ್ತು ಕಲಾನಿಧಿ ಶಾಸನವು ಖಾಸಗಿಯವರು ಪುರಾವಸ್ತುಗಳನ್ನು ಪರದೇಶಕ್ಕೆ ಒಯ್ಯುವುದನ್ನು ನಿಷೇಧಿಸಿತು. ಆದುದರಿಂದಲೇ ಕಳವಿನ ವ್ಯಾಪಾರಿಗಳು, ವಸ್ತುವು ಅದಕ್ಕೆ ಮುಂಚೆಯೇ ದೇಶವನ್ನು ಬಿಟ್ಟಿತ್ತೆಂದು ಕಾಗದಗಳನ್ನು ಸೃಷ್ಟಿಸುವುದುಂಟು.

ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವು ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಗ್ರಾಮದ ಚೋಳ ನಟರಾಜನದು. ಕ್ಯಾನ್‌ಬೆರಾ ನಗರದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆಯು ೨೦೦೮ರಲ್ಲಿ ಇದನ್ನು ನ್ಯೂಯಾರ್ಕಿನ ವ್ಯಾಪಾರಿಯೊಬ್ಬನಿಂದ ಸುಮಾರು ೫೬ ಲಕ್ಷ ಆಸ್ಟ್ರೇಲಿಯನ್ ಡಾಲರುಗಳಿಗೆ ಕೊಂಡಿತು. ೧೯೭೨ರ ಶಾಸನಕ್ಕೆ ಮೊದಲೇ ವಿಗ್ರಹವು ಭಾರತದಿಂದ ಹೊರಟಿತ್ತೆಂದು ಸಾರುವ ಪತ್ರಗಳು ಜೊತೆಗಿದ್ದವು. ಆದರೆ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯು ದೇವಾಲಯಗಳನ್ನು ಸುತ್ತಿ ಸಂಗ್ರಹಿಸಿದ ಲಕ್ಷಕ್ಕೂ ಮಿಕ್ಕ ಛಾಯಾಚಿತ್ರಗಳಲ್ಲಿ, ೧೯೯೪ರಲ್ಲಿ ಅದೇ ನಟರಾಜನು ತನ್ನ ಗುಡಿಯಲ್ಲಿಯೇ ಇದ್ದುದಕ್ಕೆ ಚಿತ್ರವು ದೊರೆಯಿತು. ಗುಡಿಯಲ್ಲಿದ್ದ ವಿಗ್ರಹವು ಆಗಲೇ ಪರದೇಶದಲ್ಲಿರುವುದು ಹೇಗೆ? ಪ್ರತ್ಯಕ್ಷದ ಮುಂದೆ ಅನಾಪ್ತರ ಶಬ್ದವು ನಿಲ್ಲಲಿಲ್ಲ. ೨೦೧೪ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಟೋನಿ ಆಬಟ್ಟರು ದೆಹಲಿಯಲ್ಲಿ ವಿಗ್ರಹವನ್ನು ಹಿಂದಿರುಗಿಸಿದರು. ಸಿಡ್ನಿಯ ಕಲಾಶಾಲೆಯು ೨೦೦೪ರಲ್ಲಿ ಕೊಂಡಿದ್ದ ವೃದ್ಧಾಚಲದ ಶಿಲಾಮಯ ಅರ್ಧನಾರೀಶ್ವರನೂ ಇದರೊಡನೆಯೇ ಮರಳಿದನು.

ಕೊಳ್ಳುವುದನ್ನು ನಿರ್ಣಯಿಸುವವರು ಮೇಲಧಿಕಾರಿಗಳಷ್ಟೆ, ಸಹಾಯಕನಿಗೆ ಇದರಲ್ಲಿ ಭಾರವೇನು ಎಂದು ಆಕ್ಷೇಪಿಸಬಹುದು. ನಿರ್ಣಯವು ಅವನದಲ್ಲವೆಂಬುದು ನಿಜ. ಆದರೆ ನಿರ್ಣಯಕ್ಕೆ ಆಧಾರವಾದ ಕಡತವು ಅವನ ಕೈಯದು. ಪತ್ರಗಳನ್ನು ಹಳೆಯ ಚಿತ್ರಗಳೊಡನೆ ತಾಳೆ ನೋಡುವುದೂ, ಮಾಲಿಕರ ಸರಣಿಯಲ್ಲಿ ತೆರಪಿದ್ದರೆ ಅದನ್ನು ಮುಚ್ಚದೆ ತೆರಪೆಂದೇ ಬರೆಯುವುದೂ ಅವನ ಧರ್ಮ. ಅವನು ಬರೆಯದ ಸಂಶಯವು ಮೇಲಿನವರ ಕಣ್ಣಿಗೆ ಬೀಳುವ ಸಂಭವವು ಅತ್ಯಲ್ಪ.

ವಿಗ್ರಹವು ಸ್ಥಾನವನ್ನು ಕಳೆದುಕೊಂಡರೆ ಗ್ರಾಮಕ್ಕೆ ಅದರ ದೇವರು ಹೋಗುವುದಲ್ಲದೆ ವಿದ್ವಾಂಸರಿಗೂ ನಷ್ಟವುಂಟು. ಯಾವ ಗುಡಿಯದು, ಯಾವ ಶಾಸನಕ್ಕೆ ಸಂಬಂಧಪಟ್ಟುದು, ಯಾವ ಉತ್ಸವದಲ್ಲಿ ಹೊರಡುತ್ತಿತ್ತು ಎಂಬುದು ತಿಳಿಯದಿದ್ದಲ್ಲಿ ಕಾಲನಿರ್ಣಯವು ಕೇವಲ ಶೈಲಿಯ ಊಹೆಯ ಮೇಲೆ ನಿಲ್ಲುತ್ತದೆ. ಪುಷ್ಪಿಕೆ ಹರಿದುಹೋದ ಓಲೆಯ ಕಟ್ಟಿಗೂ ಇದೇ ಗತಿ. ಓಲೆಯ ಪುಷ್ಪಿಕೆಯನ್ನು ಲಿಪಿಕಾರನು ಬರೆದು ಕೊಟ್ಟಿರುತ್ತಾನೆ. ಸಂಗ್ರಹಾಲಯದ ವಿಗ್ರಹಕ್ಕೆ ಅದನ್ನು ಬರೆಯತಕ್ಕವನು ಈ ಸಹಾಯಕನೇ.