ಗಾಳಿ ತುಂಬಿಟ್ಟರೆ ಕರೆಂಟು ಸಿಕ್ಕೀತೇ?

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ತರಕಾರಿ ಹಾಕಿ ಕಂಟೋನ್ಮೆಂಟಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದ್ದೆ. ಹಿಂದಿನ ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂದಿತ್ತು. ಟಾರ್ಚ್ ಹಿಡಿದು ನೀರು ಕಟ್ಟಿ ಕಣ್ಣು ಉರಿಯುತ್ತಿತ್ತು. "ಹಗಲು ಸೋಲಾರ್ ಕರೆಂಟು ಮಿಗುತ್ತದಂತೆ, ನಮಗೆ ಮಾತ್ರ ರಾತ್ರಿ ಪಾಳಿ" ಎಂದು ಗೊಣಗಿದೆ.

ಕೆ.ಆರ್. ಪುರದಲ್ಲಿ ಹತ್ತಿದ ಕೆ.ಜಿ.ಎಫ್. ಹುಡುಗ ಕೇಳಿದ: "ಯಜಮಾನ್ರೇ, 2001ರಲ್ಲಿ ಮುಚ್ಚಿದ ನಮ್ಮ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಹಗಲು ಅದಕ್ಕೆ ಗಾಳಿ ತುಂಬಿ, ರಾತ್ರಿ ಬಿಟ್ಟು ಕರೆಂಟು ಮಾಡಬಾರದಾ?"

ಮಾತು ತೆಗೆದುಹಾಕುವಂಥದ್ದಲ್ಲ. ಜರ್ಮನಿಯ ಹುಂಟಾರ್ಫ್‌ನಲ್ಲಿ 1978ರಲ್ಲಿ, ಅಮೆರಿಕದ ಮ್ಯಾಕಿಂಟಾಷ್‌ನಲ್ಲಿ 1991ರಲ್ಲಿ ಇಂಥ ಸ್ಥಾವರ ಶುರುವಾಯಿತು. ನೆಲದಡಿಯ ಉಪ್ಪನ್ನು ನೀರಿನಲ್ಲಿ ಕರಗಿಸಿ ತೆಗೆದು ಗುಹೆ ಮಾಡಿದರು. ಮಿಕ್ಕ ಕರೆಂಟಿನಲ್ಲಿ ಅದಕ್ಕೆ ಗಾಳಿ ಒತ್ತಿ ತುಂಬುವುದು, ಬೇಕಾದಾಗ ಬಿಟ್ಟು ಟರ್ಬೈನ್ ತಿರುಗಿಸುವುದು. ಸೈಕಲ್ ಪಂಪು ಹೊಡೆದರೆ ಬಿಸಿಯಾಗುತ್ತದಲ್ಲ, ಆ ಬಿಸಿ ಹೊರಹೋದಷ್ಟೂ ನಷ್ಟ. ಹೊರಬರುವ ಗಾಳಿಯನ್ನು ಮತ್ತೆ ಕಾಯಿಸಲು ಅಲ್ಲಿ ಗ್ಯಾಸ್ ಉರಿಸಬೇಕು. ಚೀನಾದ ಜಿಂತಾನ್‌ನಲ್ಲಿ 2022ರಲ್ಲಿ ಶುರುವಾದ ಸ್ಥಾವರ ಆ ಬಿಸಿಯನ್ನೇ ಕೂಡಿಟ್ಟು ಬಳಸುತ್ತದೆ.

ಉಪ್ಪಿನ ಗೋಡೆ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮದು ಬಂಡೆ. ಬೋರ್‌ವೆಲ್ಲಿಗೆ ನೀರು ಬರುವುದೇ ಬಂಡೆಯ ಬಿರುಕಿನಿಂದ. ನೀರು ಒಳಬರುವ ದಾರಿಯಲ್ಲಿ ಗಾಳಿ ಹೊರಹೋಗದೇ? ಮಂಗಳೂರು, ಪಾದೂರುಗಳಲ್ಲಿ ಬಂಡೆ ಕೊರೆದು ಕಚ್ಚಾತೈಲ ಇಟ್ಟಿದ್ದಾರೆ, ನಿಜ. ಸುತ್ತಲಿನ ನೀರಿನ ಒತ್ತಡವೇ ಅದನ್ನು ಸೋರದಂತೆ ತಡೆಯುತ್ತದೆ. ಆದರೆ ಹುಂಟಾರ್ಫ್ ಗುಹೆಯ ಗಾಳಿ ಲಾರಿ ಟೈರಿನದಕ್ಕಿಂತ ಆರೇಳು ಪಟ್ಟು ಒತ್ತಡದ್ದು. ಗಣಿಯಲ್ಲೋ, ಸುರಂಗಕ್ಕೆ ಸುರಂಗ ಕೂಡಿಕೊಂಡಿದೆ. ಅಷ್ಟನ್ನೂ ಬಿಗಿಮಾಡುವುದು ಸಣ್ಣ ಕೆಲಸವಲ್ಲ.

ಹಾಗಾದರೆ ನಮಗೇನು ದಾರಿ? ದಿಣ್ಣೆಯ ಮೇಲೊಂದು ತೊಟ್ಟಿ. ಹತ್ತು ಮೀಟರ್ ಎತ್ತರದಲ್ಲಿರುವ 10,000 ಲೀಟರ್ ನೀರಿನಿಂದ ಕರೆಂಟು ತೆಗೆಯಹೊರಟರೆ ಹೆಚ್ಚೆಂದರೆ ಕಾಲು ಯೂನಿಟ್ಟು. "ಇಷ್ಟೇನಾ?" ಎಂದು ಹುಡುಗ ನಕ್ಕ. ಇಷ್ಟೇ. ಆದರೆ ನಡುರಾತ್ರಿ ನನಗೆ ಬೇಕಾದದ್ದು ಕರೆಂಟಲ್ಲ, ನೀರು. ಹಗಲು ಸೋಲಾರ್ ಪಂಪು ತೊಟ್ಟಿ ತುಂಬಿಸಿದರೆ ಸಂಜೆ ವಾಲ್ವ್ ತಿರುಗಿಸಿದರಾಯಿತು. ಹಾವು, ಕತ್ತಲೆಯ ಭಯವಿಲ್ಲ.

ಮಾಲೂರಿನಲ್ಲಿ ಇಳಿದೆ. ಮರುದಿನವೇ ದಿಣ್ಣೆಯ ಮೇಲೆ ತೊಟ್ಟಿಗೆ ಗೂಟ ಹೊಡೆದಿದ್ದೇನೆ. ಹೀಗೆ ಮಾಡಿ ನೋಡಿದವರಿದ್ದರೆ ಖರ್ಚು, ಕಷ್ಟ ಎರಡನ್ನೂ ಬರೆಯಿರಿ.